ಬಾಗಿಲಲ್ಲಿ ಇಶು

ಮಾರ್ಚ್ 4, ಸೋಮವಾರ

ನಾಳೆಯಿಂದ ಒಗೆಯುವ ಕೋಣೆಯ ಕೆಲಸವಿಲ್ಲ. ದೊಡ್ಡ ಸಿಸ್ಟರ್ ಕರೆದು, ಮೊದಲನೇ ಮಹಡಿಯ ಆಯಾ ಒಬ್ಬಳು ಹೇಳದೆ ಕೇಳದೆ ಬಿಟ್ಟುಹೋದಳು, ಅವಳ ಜಾಗಕ್ಕೆ ನೀನು ಹೋಗು ಎಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಅವರು ಅದನ್ನೇ ಹೂಂ ಎಂದುಕೊಂಡು ಹೋದರು.

ಒಗೆಯುವ ಕೋಣೆ ನನಗೆ ಹೇಳಿ ಮಾಡಿಸಿದ ಜಾಗ. ದೊಡ್ಡ ಯಂತ್ರಗಳು ದಿನವಿಡೀ ಗಡಗಡ ಎನ್ನುತ್ತವೆ. ಆ ಸದ್ದಿನಲ್ಲಿ ಯಾರೂ ಯಾರನ್ನೂ ಮಾತನಾಡಿಸುವುದಿಲ್ಲ. ಮಧ್ಯಾಹ್ನದ ಮೇಲೆ ಇಸ್ತ್ರಿ. ನನ್ನ ಮುಂದಿನ ಹಲ್ಲು ಉಬ್ಬಿದೆಯೋ ಇಲ್ಲವೋ ಎಂದು ಹಾಸುಬಟ್ಟೆಗಳು ನೋಡುವುದಿಲ್ಲ. ಅಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯುವ ಕೆಲಸವೂ ಇಲ್ಲ.

ಮುದುಕರ ಈ ಆರೈಕೆ ಮನೆಯಲ್ಲಿ ನನಗೆ ಹೆದರಿಕೆ ಇದ್ದದ್ದು ಎರಡನೇ ಮಹಡಿಯದು ಮಾತ್ರ. ಅದರ ಬಾಗಿಲಿಗೆ ಯಾವಾಗಲೂ ಬೀಗ. ಅಲ್ಲಿಂದ ಬರುವ ಮೂಟೆಯಲ್ಲಿ ಅಗಲವಾದ ಬಟ್ಟೆಯ ಪಟ್ಟಿಗಳಿರುತ್ತವೆ, ಕೈಗಳನ್ನು ಮಂಚದ ಕಂಬಿಗೆ ಕಟ್ಟುವುದಕ್ಕೆ. ಕೆಲವದರಲ್ಲಿ ಹಲ್ಲಿನ ಗುರುತು. ಅವಕ್ಕೆ ಇಸ್ತ್ರಿ ಬೇಡ, ಮಡಚಿಟ್ಟರೆ ಸಾಕು ಎಂದಿದ್ದಾರೆ. ಆದರೂ ಮಾಡುತ್ತಿದ್ದೆ. ಮೆತ್ತಗಾದರೆ ನೋವು ಕಡಿಮೆಯಾದೀತು ಎಂದು.

ಅಕ್ಕನಿಗೆ ಹೇಳಿದಾಗ, “ಒಳ್ಳೇದಾಯ್ತು ಬಿಡು, ನಾಲ್ಕು ಜನರ ಜೊತೆ ಬೆರೀತೀಯ” ಎಂದಳು. ಭಾವ ಫ್ಯಾನಿನ ಹೊಟ್ಟೆ ಬಗೆಯುತ್ತಾ ಕೂತಿದ್ದವರು ತಲೆಯೆತ್ತಿ, “ಇವಳು ಬೆರೀತಾಳಾ? ಹಾಲಿಗೆ ಹಾಕಿದ್ರೆ ತಳದಲ್ಲಿ ಕೂರೋ ಕಲ್ಲು ಇವಳು” ಎಂದರು. ನಕ್ಕೆ. ಕೈ ಅಡ್ಡ ಹಿಡಿದೇ.

ಊಟ ಸೇರಲಿಲ್ಲ.

ಮಾರ್ಚ್ 5, ಮಂಗಳವಾರ

ನನ್ನ ಪಾಲಿಗೆ ಬಂದದ್ದು ಸಾಲಿನ ಕೊನೆಯ ಕೋಣೆ. ಬೆಳಗಿನ ಆಯಾಳ ದನಿ ದೊಡ್ಡದು, ಎಲ್ಲರೂ ಗಂಟೆಯಕ್ಕ ಎನ್ನುತ್ತಾರೆ. ಅವಳು ಬಾಗಿಲ ತನಕ ಕರೆದುಕೊಂಡು ಬಂದು ತಾನು ಹಿಂದೆ ಸರಿದು ನಿಂತಳು.

“ಜರ್ಮನಿ ಅಜ್ಜಿ. ಕಣ್ಣು ಕಾಣಲ್ಲ. ಆದ್ರೂ ಗುರಿ ತಪ್ಪಲ್ಲ. ಒಳಗೆ ಹೋಗ್ತಿದ್ದ ಹಾಗೇ ಬಗ್ಗಿಬಿಡು.”

ತಮಾಷೆ ಎಂದುಕೊಂಡೆ. ಅಜ್ಜಿ ಹುಟ್ಟಿದ್ದು ಆ ದೂರದ ದೇಶದಲ್ಲಂತೆ. ಮದುವೆಯಾಗಿ ಇಲ್ಲಿಗೆ ಬಂದವರು ಇಲ್ಲಿನವರೇ ಆದರು, ಸಣ್ಣ ಮಕ್ಕಳಿಗೆ ಓದು ಕಲಿಸುವ ಟೀಚರ್ ಆಗಿದ್ದರು, ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದರು ಎಂದು ಅವರ ಸೊಸೆ ಹೇಳಿದ್ದಾಳೆ. ಸಕ್ಕರೆ ಕಾಯಿಲೆಗೆ ಕಣ್ಣು ಹೋಯಿತು. ಹೋದ ವರ್ಷ ಲಕ್ವ ಹೊಡೆದು ಒಂದು ಕೈ ಕಾಲು ಸೋತವು, ಜೊತೆಗೆ ಇಲ್ಲಿ ಕಲಿತ ಮಾತೆಲ್ಲ ಒರೆಸಿದ ಹಾಗೆ ಹೋಯಿತು. ಉಳಿದದ್ದು ತವರಿನ ಮಾತೊಂದೇ. ಅದು ಇಲ್ಲಿ ಯಾರಿಗೂ ಬರುವುದಿಲ್ಲ.

ಬಾಗಿಲು ತಳ್ಳಿದೆ. ಹಾಸಿಗೆಯಿಂದ ದನಿ ಎದ್ದಿತು. “ವೇರ್ ಇಸ್ಟ್ ಡಾ?”

ಉಸಿರು ಬಿಗಿಹಿಡಿದು ಗೋಡೆಗೆ ಅಂಟಿಕೊಂಡೆ. ಮತ್ತೆ ಅದೇ ಮಾತು, ಇನ್ನೂ ಜೋರಾಗಿ. ಆಮೇಲೆ ಸ್ಟೀಲ್ ಲೋಟ ನನ್ನ ಕಿವಿಯ ಪಕ್ಕದಲ್ಲೇ ಗೋಡೆಗೆ ಬಡಿಯಿತು. ಹೊರಗಿನಿಂದ ಗಂಟೆಯಕ್ಕ, “ಬಗ್ಗು ಅಂದಿರ್ಲಿಲ್ವಾ” ಎಂದಳು.

ಸೂಪು ಹಾಗೇ ವಾಪಸ್ಸು ಹೋಯಿತು.

ಮಾರ್ಚ್ 8, ಶುಕ್ರವಾರ

ಮುಂಗೈ ತುಂಬ ಅಜ್ಜಿಯ ಉಗುರಿನ ಗೀರು. ಸದ್ದೇ ಆಗದಂತೆ ಬರಿಗಾಲಲ್ಲಿ ಹೋದರೂ ಗೊತ್ತಾಗುತ್ತದೆ. ಸದ್ದಾಗದಿದ್ದರೆ ಇನ್ನೂ ಹೆಚ್ಚು ಕಿರುಚುತ್ತಾರೆ. ಅಕ್ಕ ಅರಿಶಿನ ಹಚ್ಚಿದಳು. ಕೆಲಸ ಬಿಡುತ್ತೇನೆ ಎಂದು ಹೇಳಲು ದೊಡ್ಡ ಸಿಸ್ಟರ್ ಕೋಣೆಯ ಹತ್ತಿರ ಹೋಗಿ, ನೆಲ ಒರೆಸಿ ಬಂದೆ.

ಮಾರ್ಚ್ 11, ಸೋಮವಾರ

ಚಹಾ ಕುಡಿಯುವ ಹೊತ್ತಿನಲ್ಲಿ ಕಸರತ್ತು ಮೇಷ್ಟ್ರು ಬಂದು ಕೂತರು. ವಾರಕ್ಕೊಂದೆರಡು ಸಲ ಬಂದು ಮುದುಕರ ಕೈಕಾಲು ಆಡಿಸುವವರು. ನನ್ನ ಗೀರುಗಳನ್ನು ನೋಡಿ, ತಮ್ಮ ಮೊಣಕಾಲು ತೋರಿಸಿ, ನನಗೂ ಅಲ್ಲೇ ಪ್ರಸಾದ ಸಿಕ್ಕಿದ್ದು ಎಂದರು. ಒಂದು ಕಾಲದಲ್ಲಿ ಆ ದೇಶಕ್ಕೆ ಕೆಲಸಕ್ಕೆ ಹೋಗುವ ಆಸೆಯಿಂದ ಆ ಭಾಷೆ ಕಲಿಯಲು ಹೋಗಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ವಾಪಸ್ಸಾದರಂತೆ.

ಗಂಟೆಯಕ್ಕ ಅಜ್ಜಿಯ ಕೂಗನ್ನು ಅಣಕಿಸಿ, ಇದು ಯಾವ ಬೈಗುಳ ಮೇಷ್ಟ್ರೇ, ಕಲಿತರೆ ನನ್ನ ಗಂಡನಿಗೆ ಬಳಸಬಹುದು ಎಂದಳು.

ಮೇಷ್ಟ್ರು ಲೋಟ ಕೆಳಗಿಟ್ಟರು. “ಬೈಗುಳ ಅಲ್ಲಕ್ಕ. ಯಾರು ಅಲ್ಲಿ ಅಂತ ಕೇಳ್ತಿದಾರೆ ಅಷ್ಟೇ.”

ದೊಡ್ಡ ಸಿಸ್ಟರ್‌ಗೆ ಮೇಷ್ಟ್ರು ಇದನ್ನು ಹಿಂದೆಯೇ ಹೇಳಿದ್ದರಂತೆ. ಒಬ್ಬೊಬ್ಬರಿಗೂ ಅವರವರ ಮಾತಿನಲ್ಲಿ ಉತ್ತರ ಕೊಡುತ್ತಾ ನಿಂತರೆ ಉಳಿದವರ ಬಟ್ಟೆ ಯಾರು ಬದಲಾಯಿಸುತ್ತಾರೆ ಎಂದರಂತೆ ಅವರು. ಅವರ ಕಷ್ಟವೂ ಸುಳ್ಳಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಕಣ್ಣು ಕಾಣದೆ ಮಲಗಿದ್ದೇನೆ. ಬಾಗಿಲು ತೆರೆಯುತ್ತದೆ. ಯಾರು ಎನ್ನುತ್ತೇನೆ. ಉತ್ತರವಿಲ್ಲ. ಯಾರದೋ ಕೈ ಬಂದು ಬಟ್ಟೆ ಬಿಚ್ಚುತ್ತದೆ. ಇದು ಹೋದ ವರ್ಷದಿಂದ, ದಿನಾ.

ಕಿರುಚುವುದಕ್ಕಿಂತ ಹೆಚ್ಚೇನಾದರೂ ಮಾಡುತ್ತಿದ್ದೆನೇನೋ.

ಮಾರ್ಚ್ 12, ಮಂಗಳವಾರ

ಬೆಳಗ್ಗೆ ಗೇಟಿನ ಹತ್ತಿರವೇ ಮೇಷ್ಟ್ರಿಗಾಗಿ ಕಾದೆ. ಬಂದಾಗ ಕೇಳಲಾಗದೆ ಅವರ ಚೀಲವನ್ನೇ ನೋಡುತ್ತಾ ನಿಂತೆ. ಅವರೇ ಅರ್ಥ ಮಾಡಿಕೊಂಡು ಹೇಳಿಕೊಟ್ಟರು. ಇದ್ದೇನೆ, ಇಲ್ಲಿ ಇದ್ದೇನೆ ಎನ್ನಲು ಮೂರು ಮಾತು. ಕೊನೆಯ ಎರಡು ಸುಲಭ, ಬಿನ್, ಡಾ. ಮೊದಲನೆಯದು ಬಾಯಿಗೆ ಸಿಗುವುದಿಲ್ಲ. ಇಶ್ ಅಲ್ಲ, ಇಕ್ ಅಲ್ಲ, ಇಹ್ ಕೂಡ ಅಲ್ಲ. ನಮ್ಮ ಅಕ್ಷರಗಳಲ್ಲಿ ಅದಕ್ಕೆ ಜಾಗವಿಲ್ಲ. ಇ ಬರೆದು ಮುಂದೆ ಖಾಲಿ ಬಿಡಬೇಕು ಅಷ್ಟೇ.

ಆ ಮಾತಿಗೆ ‘ನಾನು’ ಎಂದು ಅರ್ಥವಂತೆ. ಬಂದೆ, ಹೋದೆ, ಇದ್ದೇನೆ ಎಂದರೆ ನಮ್ಮಲ್ಲಿ ಸಾಕು. ಅವರಲ್ಲಿ ಮೊದಲು ಅದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲವಂತೆ. ಎಂಥ ಜನ.

ಮಧ್ಯಾಹ್ನ ಸೂಪಿನ ತಟ್ಟೆ ಹಿಡಿದು ಬಾಗಿಲು ತಳ್ಳಿದೆ. ಅಜ್ಜಿ ಕೂಗಿದರು. ಕಣ್ಣು ಮುಚ್ಚಿಕೊಂಡು ಹೇಳಿದೆ. ನನ್ನ ಬಾಯಿಂದ ಬಂದದ್ದು, “ಇಶು ಬಿನ್ ಡಾ.”

ಅಜ್ಜಿ ಎತ್ತಿ ಹಿಡಿದಿದ್ದ ಲೋಟ ಅಲ್ಲೇ ನಿಂತಿತು. ಅವರ ಮುಖ ನನ್ನ ಕಡೆ ತಿರುಗಿತು. ಆ ಮುಖವನ್ನು ಅಲ್ಲಿಯ ತನಕ ಸರಿಯಾಗಿ ನೋಡಿರಲಿಲ್ಲ. ತುಟಿ ನಡುಗುತ್ತಿತ್ತು, ನನ್ನ ಹಾಗೆಯೇ.

ಆಮೇಲೆ ಹುಬ್ಬು ಗಂಟಿಕ್ಕಿ, “ನೈನ್” ಎಂದರು. ಅಲ್ಲ ಎಂದು. ತಾವೇ ಆ ಮೊದಲ ಮಾತನ್ನು ಹೇಳಿದರು, ನಿಧಾನವಾಗಿ. “ನೋಖ್ ಮಾಲ್.” ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇನ್ನೊಂದ್ಸಲ ಎನ್ನುವ ಟೀಚರ ದನಿ ಎಲ್ಲ ಕಡೆಯೂ ಒಂದೇ.

ಇಶು, ಎಂದೆ. ನೈನ್, ಎಂದರು. ಆ ಸಂದಿನಲ್ಲಿ ಒಂದು ಚಮಚ ಸೂಪು ಒಳಗೆ ಹೋಯಿತು.

ಮಾರ್ಚ್ 14, ಗುರುವಾರ



ಪಾಠದ ನಡುವೆ ಅಜ್ಜಿ ಗಕ್ಕನೆ ನನ್ನ ಮಣಿಕಟ್ಟು ಹಿಡಿದರು. ಆ ಒಂದು ಕೈಯಲ್ಲಿ ಅಷ್ಟು ಬಲ ಹೇಗೆ ಉಳಿದಿದೆಯೋ. ಕಚ್ಚುತ್ತಾರೆ ಎಂದುಕೊಂಡೆ. ಕಚ್ಚಲಿಲ್ಲ. ನನ್ನ ಬೆರಳುಗಳನ್ನು ತಮ್ಮ ತುಟಿಯ ಮುಂದೆ ಹಿಡಿದು ಆ ಮಾತು ಹೇಳಿದರು. ಸಣ್ಣ ಉಸಿರು ಬೆರಳಿಗೆ ತಾಗಿತು, ತಣ್ಣಗೆ, ಬಾಗಿಲ ಸಂದಿಯ ಗಾಳಿಯ ಹಾಗೆ.

ಅಷ್ಟೇ ಆಗಿದ್ದರೆ ಸರಿಯಿತ್ತು. ಆಮೇಲೆ ಅವರ ಕೈ ನನ್ನ ಮುಖಕ್ಕೆ ಬಂತು. ಬಾಯಿಗೆ ಅಡ್ಡ ಹಿಡಿದಿದ್ದ ನನ್ನ ಕೈಯನ್ನು ಸರಿಸಿದರು. ಐದನೇ ಕ್ಲಾಸಿನ ಟೀಚರ್ ಹೀಗೆಯೇ ಎಲ್ಲರ ಮುಂದೆ, ಕೈ ತೆಗೆದು ಓದು ಎನ್ನುತ್ತಿದ್ದರು. ಮಕ್ಕಳು ಮೊಲ, ಮೊಲ ಎನ್ನುತ್ತಿದ್ದರು. ಆರನೇ ಕ್ಲಾಸಿಗೆ ಹೋಗಲಿಲ್ಲ. ಅಮ್ಮ ಹೊಡೆದರೂ ಹೋಗಲಿಲ್ಲ.

ಅಜ್ಜಿಯ ಬೆರಳು ಹಲ್ಲಿನ ಮೇಲೆ ನಿಂತಿತು. ತಡವಿತು. ಏನೋ ಲೆಕ್ಕ ಹಾಕಿದಂತೆ ತಲೆಯಾಡಿಸಿ ತುಟಿಯ ಎರಡು ಮೂಲೆಗಳನ್ನು ಅತ್ತಿತ್ತ ಎಳೆದರು. ನಗಿಸುವುದಕ್ಕೆ ಎಳೆದ ಹಾಗೆ. ನೋಖ್ ಮಾಲ್.

ಹೇಳಿದೆ. ತಪ್ಪೇ.

ಸೂಪು ಅರ್ಧ ಮುಗಿಯಿತು.

ಮಾರ್ಚ್ 17, ಭಾನುವಾರ

ರಜೆ. ಕನ್ನಡಿಯ ಮುಂದೆ ಕೂತು ಅಭ್ಯಾಸ. ಅಕ್ಕ ಒಳಗಿನಿಂದ, ಬೆಕ್ಕು ಬಂತೇನೋ ನೋಡು ಎಂದಳು. ಬೆಕ್ಕಲ್ಲ ಕಣೇ, ನಿನ್ನ ತಂಗಿ, ಗ್ಯಾಸು ಸೋರ್ತಿದಾಳೆ ಎಂದರು ಭಾವ. ಅವರೂ ಪ್ರಯತ್ನಿಸಿ ಕನ್ನಡಿಯ ತುಂಬ ಎಂಜಲು ಸಿಡಿಸಿದರು. ಒರೆಸುತ್ತಾ ಅಕ್ಕ, ಇಷ್ಟೊಂದು ಯಾಕೆ ಹೆಣಗುತ್ತೀಯ, ಅಜ್ಜಿಗೆ ಅರ್ಥವಾಯಿತಲ್ಲ ಎಂದಳು.

ಅರ್ಥವಾಗಿದೆ, ನಿಜ. ಆದರೆ ಪ್ರತಿ ಸಲ ನೈನ್ ಎನ್ನುತ್ತಾರೆ. ಒಂದು ದಿನ ಇವಳು ಕಲಿಯುವವಳಲ್ಲ ಎಂದು ಕೈಬಿಟ್ಟರೆ? ಟೀಚರ್‌ಗಳು ಕೈಬಿಡುವುದು ಹೇಗೆಂದು ನನಗೆ ಗೊತ್ತು. ಬೈಯುವುದಿಲ್ಲ. ಪಕ್ಕದವಳ ಕಡೆ ತಿರುಗುತ್ತಾರೆ ಅಷ್ಟೇ.

ಮಾರ್ಚ್ 20, ಬುಧವಾರ

ಮೇಷ್ಟ್ರಿಗೆ ಹೇಳಿ ತೋರಿಸಿದೆ. ಅವರು ನಕ್ಕು, ಅರ್ಧ ತಪ್ಪು ನಿನ್ನದು, ಅರ್ಧ ನಮ್ಮೆಲ್ಲರದು ಎಂದರು.

“ನಾವು ಯಾವ ಮಾತಿಗಾದ್ರೂ ಬಾಲ ಅಂಟಿಸ್ದೆ ಬಿಡ್ತೀವಾ? ಬಸ್ಸು, ಬಲ್ಬು, ಸೋಪು, ಸೂಪು. ಇದಕ್ಕೂ ಅಂಟಿಸಿದೀಯ. ಮೊದಲು ಬಾಲ ಕತ್ತರಿಸು. ಆಮೇಲೆ ನಾಲಿಗೆ ತುದಿ ಕೆಳಗಿನ ಹಲ್ಲಿಗೆ ಒರಗಿಸಿ, ನಗು. ನಗ್ತಾ ‘ಯ’ ಅನ್ನು, ಆದ್ರೆ ದನಿ ಹಾಕ್ಬೇಡ, ಬರೀ ಗಾಳಿ.”

ನಗುವುದೇ ಕಷ್ಟ. ಅವರ ಮುಂದೆ ಕೈ ತೆಗೆದು ನಗಲು ಆಗಲಿಲ್ಲ.

ಅಜ್ಜಿ ಇವತ್ತು ಬಟ್ಟಲು ಪೂರ್ತಿ ಖಾಲಿ ಮಾಡಿದರು. ನನ್ನ ತಪ್ಪು ಎಷ್ಟು ದೊಡ್ಡದೋ ಅಷ್ಟು ಚಮಚ ಹೋಗುತ್ತದೆ ಎಂದು ಗಂಟೆಯಕ್ಕ ಹೊರಗೆ ನಿಂತು ಹೇಳುತ್ತಿದ್ದಳು.

ಮಾರ್ಚ್ 25, ಸೋಮವಾರ

ನಿನ್ನೆ ನನಗೆ ರಜೆಯಿತ್ತು. ನಿನ್ನೆ ಯಾಕೆ ಹೋಗಲಿಲ್ಲವೋ.

ಗಂಟೆಯಕ್ಕ ಸೂಪು ತೆಗೆದುಕೊಂಡು ಹೋದಳಂತೆ. ಅಜ್ಜಿ ಕೇಳಿದರಂತೆ, ಯಾರು ಎಂದು. ಇವಳಿಗೆ ಉತ್ತರ ಬಾರದು. ಬಟ್ಟಲು ಹಾರಿತು. ಹಸಿದಿರಬಾರದಲ್ಲ ಎಂದು ಇನ್ನೊಬ್ಬಳನ್ನು ಕರೆದು, ಇಬ್ಬರೂ ಸೇರಿ ತೋಳು ಹಿಡಿದು ತಿನ್ನಿಸಲು ನೋಡಿದರು. ಅಜ್ಜಿ ಗಂಟೆಯಕ್ಕನ ಹೆಬ್ಬೆರಳು ಕಚ್ಚಿದ್ದಾರೆ. ಬ್ಯಾಂಡೇಜಿನ ಕೈ ತೋರಿಸುವಾಗ ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. “ಹೊಟ್ಟೆಗಿಲ್ದೆ ಮಲಗಿಸೋಕೆ ಮನಸ್ಸು ಬರ್ಲಿಲ್ಲ ಕಣೇ” ಎಂದಳು, ಮೊದಲ ಸಲ ಸಣ್ಣ ದನಿಯಲ್ಲಿ.

ದೊಡ್ಡ ಸಿಸ್ಟರ್ ಡಾಕ್ಟರಿಗೆ ಹೇಳಿದ್ದಾರೆ. ಶನಿವಾರ ಬಂದು ನೋಡುತ್ತಾರೆ. ಹೀಗೇ ಇದ್ದರೆ ಮೂಗಿನಿಂದ ಹೊಟ್ಟೆಗೆ ನಳಿಕೆ. ನಳಿಕೆ ಹಾಕಿದರೆ ಕಿತ್ತುಕೊಳ್ಳದಂತೆ ಕೈ ಕಟ್ಟಬೇಕು. ಕೈ ಕಟ್ಟಬೇಕಾದವರನ್ನು ಇಡುವುದು ಎರಡನೇ ಮಹಡಿಯಲ್ಲಿ.

ನನ್ನ ಕೈಯಿಂದಲೇ ಇಸ್ತ್ರಿಯಾದ ಪಟ್ಟಿಗಳು.

ಮಾರ್ಚ್ 26, ಮಂಗಳವಾರ

ಇಶು ಎಂದೆ. ಅಜ್ಜಿ ನೈನ್ ಎನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿಯೇ ಇದ್ದರು. ಮೂರು ಚಮಚ.

ಮಾರ್ಚ್ 28, ಗುರುವಾರ

ಇವತ್ತೂ ಅಷ್ಟೆ. ಹಿಡಿದರೆ ಅವರ ಕೈ ಹಗುರವಾಗಿದೆ. ಒಗೆದು ಹಿಂಡಿದ ಟವೆಲಿನಷ್ಟೂ ಭಾರವಿಲ್ಲ.

ಏಕೆಂದು ನನಗೆ ಗೊತ್ತು. ಭಾನುವಾರ ಬಂದವರಿಗೂ ನನಗೂ ವ್ಯತ್ಯಾಸ ಏನೆಂದು ಅವರಿಗೆ ಹೇಗೆ ತಿಳಿಯಬೇಕು? ನನ್ನ ಮಾತು ಸರಿಯಿದ್ದರೆ ನಂಬುತ್ತಿದ್ದರು. ತವರಿನವರು ಯಾರೋ ಬಂದರು ಎಂದುಕೊಂಡು ಎದ್ದು ಕೂರುತ್ತಿದ್ದರು. ಶನಿವಾರದೊಳಗೆ ಆ ಮಾತು ಸರಿಯಾಗಬೇಕು. ಬೇರೆ ದಾರಿಯಿಲ್ಲ.

ಬಸ್ಸಿನಲ್ಲಿ ಅಭ್ಯಾಸ ಮಾಡುತ್ತಾ ಬಂದೆ. ಪಕ್ಕದಲ್ಲಿದ್ದ ಹೆಂಗಸು ನನಗೆ ದಮ್ಮೇನೋ ಎಂದು ಕಿಟಕಿ ತೆರೆದುಕೊಟ್ಟಳು. ಮನೆಯಲ್ಲಿ ಭಾವ ತಮಾಷೆ ಮಾಡಲಿಲ್ಲ. ಅದಕ್ಕೂ ಹೆದರಿಕೆಯಾಯಿತು.

ಮಾರ್ಚ್ 29, ಶುಕ್ರವಾರ

ಸಿಕ್ಕಿತು.

ಒಗೆಯುವ ಕೋಣೆಯಲ್ಲಿ ಜನ ಕಡಿಮೆ ಎಂದು ಮಧ್ಯಾಹ್ನ ಇಸ್ತ್ರಿಗೆ ಕಳಿಸಿದರು. ಮನಸ್ಸು ಎಲ್ಲೋ ಇತ್ತು. ಒದ್ದೆ ದಿಂಬಿನ ಕವರಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟೆ. ಆವಿ ಎದ್ದಿತು, ಆ ಸದ್ದಿನೊಂದಿಗೆ. ಹಾವಿನ ಬುಸ್ ಅಲ್ಲ, ದಣಿದವರ ಹಾ ಅಲ್ಲ, ಎರಡರ ನಡುವೆ ಒಂದು ತೆಳ್ಳಗಿನ ಉಸಿರು. ಇಷ್ಟು ವರ್ಷ ಕಿವಿಯ ಪಕ್ಕದಲ್ಲೇ ಇತ್ತು.

ಮತ್ತೆ ಇಟ್ಟೆ. ಮತ್ತೆ ಅದೇ. ಅದರ ಜೊತೆ ಬಾಯಿ ಸೇರಿಸಿದೆ. ಬಾಯಿ ತಾನಾಗಿ ಅಗಲವಾಯಿತು, ನಾಲಿಗೆ ತಾನಾಗಿ ಕೆಳಗೆ ಒರಗಿತು. ಬಾಲವಿಲ್ಲದೆ, ಗಾಳಿ ಮಾತ್ರ. ಪಕ್ಕದ ಮೇಜಿನವಳು ನನ್ನನ್ನೂ ಪೆಟ್ಟಿಗೆಯನ್ನೂ ನೋಡುತ್ತಿದ್ದಳು. ಒಂದು ಕವರು ಸುಟ್ಟು ಕಂದಾಯಿತು.

ಮೇಷ್ಟ್ರು ಹೊರಡುತ್ತಿದ್ದರು. ಓಡಿಹೋಗಿ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಿದೆ. ಅವರು ಚೀಲ ಕೆಳಗಿಟ್ಟು, ನನಗೇ ಬರದಿದ್ದದ್ದು ನಿನಗೆ ಬಂತಲ್ಲೇ ಎಂದರು.

ನಾಳೆ ಹನ್ನೊಂದು ಗಂಟೆಗೆ ಡಾಕ್ಟರು. ಬಾಯಿಂದ ಜಾರಿಹೋದೀತು ಎಂಬ ಹೆದರಿಕೆಗೆ ಅಕ್ಕನ ಜೊತೆಯೂ ಮಾತಾಡುತ್ತಿಲ್ಲ.

ಮಾರ್ಚ್ 30, ಶನಿವಾರ

ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ.

ಡಾಕ್ಟರು ವಯಸ್ಸಾದವರು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡಿದ್ದರು. ಕೆಟ್ಟವರಲ್ಲ. ಹೊಟ್ಟೆಗೆ ಬೀಳದೆ ಎಷ್ಟು ದಿನ ಬಿಡುವುದಮ್ಮ, ನಳಿಕೆಯೂ ದಯೆಯೇ ಎಂದರು. ದೊಡ್ಡ ಸಿಸ್ಟರ್, ಕಸರತ್ತು ಮೇಷ್ಟ್ರು, ಬ್ಯಾಂಡೇಜಿನ ಗಂಟೆಯಕ್ಕ, ಎಲ್ಲರೂ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಸದ್ದಿಲ್ಲದೆ ನನ್ನ ಹಿಂದೆ ಬಂದರು.

ಬಾಗಿಲು ತಳ್ಳಿದೆ. “ವೇರ್ ಇಸ್ಟ್ ಡಾ?” ದನಿ ಸೋತಿತ್ತು.

ಹೇಳಿದೆ. ಇಸ್ತ್ರಿಪೆಟ್ಟಿಗೆ ಹೇಳಿಕೊಟ್ಟ ಹಾಗೆ, ಒಂದು ಕೂದಲಿನಷ್ಟೂ ತಪ್ಪಿಲ್ಲದೆ. ಮೇಷ್ಟ್ರು ಹಿಂದಿನಿಂದ ಮೆಲ್ಲಗೆ ಶಹಬ್ಬಾಸ್ ಎಂದದ್ದೂ ಕೇಳಿಸಿತು.

ಅಜ್ಜಿ ಸೆಟೆದುಕೊಂಡರು. ತಲೆ ಅತ್ತಿತ್ತ ತಿರುಗಿತು. ಇನ್ನೊಮ್ಮೆ ಕೇಳಿದರು, ಯಾರು. ಇನ್ನೊಮ್ಮೆ ಹೇಳಿದೆ, ಇನ್ನೂ ಚೆನ್ನಾಗಿ. ಅವರು ಗೋಡೆಯ ಕಡೆಗೆ ಸರಿದು ಹೊದಿಕೆಯನ್ನು ಗಂಟಲ ತನಕ ಎಳೆದುಕೊಂಡು ಕಿರುಚತೊಡಗಿದರು. ಅಂಥ ಕಿರುಚಾಟ ಮೊದಲ ದಿನವೂ ಇರಲಿಲ್ಲ. ಗುರುತಿಲ್ಲದ ಯಾವುದೋ ಹೆಂಗಸು ನಮ್ಮದೇ ಮಾತಿನಲ್ಲಿ ಕತ್ತಲೆಯಿಂದ ಕರೆಯುತ್ತಿದ್ದರೆ ಯಾರಾದರೂ ಹಾಗೆಯೇ ಕಿರುಚುತ್ತಾರೆ. ಆಗ ಇದು ಹೊಳೆಯಲಿಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ನೋಡಿದಿರಲ್ಲ ಡಾಕ್ಟರೇ ಎಂದರು ದೊಡ್ಡ ಸಿಸ್ಟರ್. ಡಾಕ್ಟರು ಕನ್ನಡಕ ಇಳಿಸಿ ಜೇಬಿನಿಂದ ಪೆನ್ನು ತೆಗೆದರು. ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಆ ಪಟ್ಟಿಗಳು ಮಾತ್ರ. ಕಲಿತದ್ದೆಲ್ಲ ಬಾಯಿಂದ ಹಾರಿಹೋಗಿ, ಹೆದರಿಕೆಗೆ ಹಳೆಯದೇ ಹೊರಗೆ ಬಿತ್ತು.

“ಇಶು. ಇಶು ಬಿನ್ ಡಾ, ಅಜ್ಜಿ.”

ಕಿರುಚಾಟ ನಿಂತಿತು.

ಡಾಕ್ಟರು ಏನೋ ಕೇಳಲು ಹೊರಟರು. ನಾನು, ಸ್ವಲ್ಪ ಸುಮ್ಮನಿರಿ ಡಾಕ್ಟರೇ, ಅವರಿಗೆ ಕೇಳಿಸಬೇಕು ಎಂದೆ. ಮತ್ತೆ ಹೇಳಿದೆ, ಇಶು.

ಹೊದಿಕೆಯೊಳಗಿನಿಂದ ಕೈ ಹೊರಗೆ ಬಂತು. ಗಾಳಿಯಲ್ಲಿ ತಡಕಾಡಿತು. ಹೋಗಿ ಹಿಡಿದೆ. ನನ್ನ ಮುಖ ಹುಡುಕಿ, ಹಲ್ಲು ಹುಡುಕಿ, ಅದರ ಮೇಲೆ ಬೆರಳಿಟ್ಟರು. ಅವರ ಕಣ್ಣಿಂದ ನೀರು ಹರಿಯುತ್ತಿತ್ತು. ಆದರೂ ಹುಬ್ಬು ಗಂಟಿಕ್ಕಿ, “ನೈನ್” ಎಂದರು. “ನೋಖ್ ಮಾಲ್.”

ನಾನು ತಪ್ಪು ಹೇಳಿದೆ. ಅವರು ತಿದ್ದಿದರು. ತಪ್ಪು ಹೇಳಿದೆ, ತಿದ್ದಿದರು. ಸೂಪು ಆರಿಹೋಗಿತ್ತು. ಆದರೂ ಕುಡಿದರು. ಎಲ್ಲರೂ ನಿಂತೇ ಇದ್ದರು. ಬಟ್ಟಲಿನ ತಳ ಕೆರೆಯುವ ಸದ್ದು ಕೇಳಿದ ಮೇಲೆ ಡಾಕ್ಟರು ಪೆನ್ನು ಜೇಬಿಗೆ ಹಾಕಿ, “ನಳಿಕೆ ಈಗ ಬೇಡ. ಒಂದು ತಿಂಗಳು ನೋಡೋಣ” ಎಂದರು. ಮೇಲಿನ ಮಹಡಿಯ ಮಾತೂ ಅಲ್ಲಿಯ ತನಕ ಬೇಡವಂತೆ.

ದೊಡ್ಡ ಸಿಸ್ಟರ್ ಹೊರಗೆ ಬಂದು ನನ್ನ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಡಾಕ್ಟರನ್ನ ಸುಮ್ಮನಿರಿಸೋಕೆ ನನಗೇ ಇಷ್ಟು ವರ್ಷ ಆಗಲಿಲ್ಲ ಎಂದು ಹೇಳಿ ಹೋದರು. ಏಕೆ ಹಾಗೆಂದರೋ. ಸುಟ್ಟ ದಿಂಬಿನ ಕವರಿನ ಬಗ್ಗೆ ಅವರಿಗೆ ಇನ್ನೂ ಗೊತ್ತಿಲ್ಲ, ಅದೊಂದು ಯೋಚನೆ.

ಏಪ್ರಿಲ್ 2, ಮಂಗಳವಾರ

ಹೊಸ ಗಂಡಾಂತರ. ನಾಲಿಗೆ ಸರಿಯಾದದ್ದನ್ನು ಕಲಿತುಬಿಟ್ಟಿದೆ. ಇವತ್ತು ಬಾಗಿಲಲ್ಲಿ ಬಾಯಿ ತೆರೆದರೆ ತಾನಾಗಿ ಅದೇ ಬರುವುದರಲ್ಲಿತ್ತು. ತಡೆದು ನುಂಗಿ ಇಶು ಎನ್ನುವಷ್ಟರಲ್ಲಿ ಅಜ್ಜಿ ಎರಡನೇ ಸಲ ಕೂಗಿಯಾಗಿತ್ತು. ನಾನು ನನ್ನ ತಪ್ಪನ್ನೇ ಮರೆತರೆ ಏನು ಗತಿ?

ಈಗ ಕನ್ನಡಿಯ ಮುಂದೆ ತಪ್ಪಿನ ಅಭ್ಯಾಸ. ಮೇಷ್ಟ್ರಿಗೆ ಹೇಳಿದೆ. ಪಾಸಾದವಳು ಫೇಲಾಗೋಕೆ ಟ್ಯೂಷನ್ ಕೇಳುವುದು ಇದೇ ಮೊದಲು, ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದರು. ಅವರಿಗೆ ನಗು. ನನ್ನ ಎದೆಬಡಿತ ನನಗೆ.

ಏಪ್ರಿಲ್ 6, ಶನಿವಾರ

ನಾಳೆ ಭಾನುವಾರ. ಹೋದ ವಾರದ ಹಾಗೆ ಈ ಸಲವೂ ರಜೆ ಬೇಡವೆಂದರೆ ದೊಡ್ಡ ಸಿಸ್ಟರ್ ಒಪ್ಪಲಿಲ್ಲ. ನೀನು ಜ್ವರ ಬಂದು ಮಲಗಿದರೆ ಆಗಲೂ ಅಜ್ಜಿ ಉಪವಾಸವಿರಬೇಕೇ ಎಂದರು. ಸರಿಯಾದ ಮಾತು. ಅದಕ್ಕೇ ಇನ್ನೂ ಹೆದರಿಕೆ.

ಸಂಜೆ ಗಂಟೆಯಕ್ಕನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಹೆಬ್ಬೆರಳು ವಾಸಿಯಾಗಿದೆ. ಮೊದಲು ಬಾಗಿಲ ಹೊರಗೇ ನಿಲ್ಲಬೇಕು, ಅವರು ಕೇಳಿದ ಮೇಲೆ ಹೇಳಬೇಕು, ಅವರು ಸುಮ್ಮನಾದ ಮೇಲೆ ಹತ್ತಿರ ಹೋಗಬೇಕು ಎಂದೆಲ್ಲ ಹೇಳಿದೆ.

“ಇಚ್ಚು ಬಿನ್ ಡಾ” ಎಂದಳು, ಇಡೀ ಕಟ್ಟಡಕ್ಕೆ ಕೇಳಿಸುವಂತೆ.

“ಅಲ್ಲಕ್ಕ. ಇನ್ನೊಂದ್ಸಲ.”

“ಇಚ್ಚು.”

ಅವಳ ಕೈ ಹಿಡಿದು ನನ್ನ ಬಾಯಿಯ ಮುಂದಿಟ್ಟುಕೊಂಡು ಹೇಳಿ ತೋರಿಸಿದೆ. ಗಾಳಿ ತಾಗಿತಾ ಎಂದೆ. ತಾಗಿತು, ಏನು ತಿಂದಿದ್ದೀಯ ಅಂತಲೂ ಗೊತ್ತಾಯಿತು ಎಂದಳು. ಆಮೇಲೆ ನನ್ನನ್ನು ಒಂದು ಥರ ನೋಡಿ, “ನಿನ್ ಬಾಯಿ ನಾನು ನೋಡೇ ಇರ್ಲಿಲ್ಲ ಕಣೇ” ಎಂದಳು. ಪಾಠದ ನಡುವೆ ಬೇರೆ ಮಾತು ತೆಗೆಯಬೇಡ ಎಂದು ಗದರಿದೆ.

ಕತ್ತಲಾಗುವ ತನಕವೂ ಅವಳಿಗೆ ಬರಲಿಲ್ಲ. ಇರಲಿ, ಬರದಿದ್ದರೆ ಅಜ್ಜಿ ನೋಡಿಕೊಳ್ಳುತ್ತಾರೆ.

ಏಪ್ರಿಲ್ 8, ಸೋಮವಾರ

ನಿನ್ನೆ ಮನೆಯಲ್ಲಿ ಒಂದು ಕಡೆ ಕೂರಲಾಗಲಿಲ್ಲ. ನೆಲ ಎಷ್ಟು ಸಲ ಒರೆಸುತ್ತೀಯ, ತೂತು ಬಿದ್ದೀತು ಎಂದರು ಭಾವ.

ಬೆಳಗ್ಗೆ ಗೇಟಿನಲ್ಲೇ ಗಂಟೆಯಕ್ಕ ಸಿಕ್ಕಳು. ಅವಳ ಕೈಬೆರಳುಗಳನ್ನೇ ಮೊದಲು ನೋಡಿದೆ. ಎಲ್ಲ ಸರಿಯಿದ್ದವು. ಅಜ್ಜಿ ಒಂದು ಬಟ್ಟಲು ಮುಗಿಸಿ ಇನ್ನರ್ಧ ಕುಡಿದರಂತೆ. “ನನ್ನ ತುಟಿ ಹಿಡಿದು ಎಳೆದಿದ್ದು ಎಳೆದಿದ್ದೇ. ನಿನಗಿಂತ ದಡ್ಡಿ ನಾನು, ಅದಕ್ಕೇ ಜಾಸ್ತಿ ಕುಡಿದ್ರು” ಎಂದು ಹೆಮ್ಮೆಯಿಂದ ಹೇಳಿಕೊಂಡಳು.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಮೆಟ್ಟಿಲು ಹತ್ತುವಾಗ ಇನ್ನೊಂದು ಹೆದರಿಕೆ ಹಿಂದೆಯೇ ಹತ್ತಿ ಬಂತು. ಅವರಿಗೆ ಹೊಸ ದಡ್ಡಿ ಸಿಕ್ಕಿದಳು. ಪಕ್ಕದವಳ ಕಡೆ ತಿರುಗಿದರು. ಇನ್ನು ನನ್ನ ದನಿ ಅವರಿಗೆ ನೆನಪಿರುತ್ತದೆಯೇ?

ಸಾಲಿನ ಕೊನೆಯ ಬಾಗಿಲು. ತಟ್ಟೆ ಎಡಗೈಗೆ ಬದಲಾಯಿಸಿದೆ. ಸರಿಯಾದದ್ದು ಹೇಳಲೋ ತಪ್ಪಾದದ್ದೋ, ಬಾಯಿಯಲ್ಲಿ ಎರಡೂ ಇದ್ದವು, ಯಾವುದು ಮೊದಲು ಬೀಳುತ್ತದೋ ಗೊತ್ತಿರಲಿಲ್ಲ. ಬಾಗಿಲು ತಳ್ಳಿದೆ. ಅದು ಕಿರ್ ಎಂದಿತು.

ಯಾರು ಎಂಬ ಕೂಗು ಬರಲಿಲ್ಲ.

ಕಾದೆ. ಒಳಗೆ ಹಾಸಿಗೆ ಸರಿದ ಸದ್ದು. ಆಮೇಲೆ ಮೆಲ್ಲಗೆ, ಮನೆಯವರನ್ನು ಕರೆಯುವ ಹಾಗೆ,

“ಇಶು?”

ಬಾಲ ಸಮೇತ.

ನಾನು ಸರಿಯಾದದ್ದನ್ನೇ ಹೇಳಿದೆ, ಬಂದಿದ್ದ ನಗುವಿಗೆ ಕೈ ಅಡ್ಡ ಹಿಡಿಯದೆ. ಅವರು ಕಿರುಚಲಿಲ್ಲ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಕೈ ಮುಂದೆ ಚಾಚಿದರು.